ಕಮಟು ಹಿಡಿಯದ ಬಾಟಲಿ

ಮೊದಲೇ ಹೇಳಿಬಿಡುತ್ತೇನೆ, ನಾನು ಕಲಿತದ್ದು ಮೂರನೇ ಇಯತ್ತೆ. ನಾಲ್ಕನೆಯದಕ್ಕೆ ಹೋದೆ, ಮಾಸ್ತರು ಹೊಡೆದರು, ತಿರುಗಿ ಹೋಗಲಿಲ್ಲ. ಹಾಗಾಗಿ ಇಲ್ಲಿ ಉಪಮೆ ಗಿಪಮೆ ಸಿಗುವುದಿಲ್ಲ. ಬರೋಡಾದಲ್ಲಿ ಒಂದು ಶೇಂಗಾ ಎಣ್ಣೆ ಬಾಟಲಿಯ ಸಲುವಾಗಿ ಏನಾಯಿತು ಅಂತ ಬರೆಯುತ್ತಿದ್ದೇನೆ. ಯಾಕಂದರೆ ಅಲ್ಲಿರುವ ನಮ್ಮ ಕನ್ನಡದವರ ಬಾಯಲ್ಲಿ ಅದರ ಬಗ್ಗೆ ಎರಡು ಕಥೆ ಓಡಾಡುತ್ತಿವೆ. ನಾನು ತಾಜಾ ಎಣ್ಣೆ ಸುರಿದು ಮೋಸ ಮಾಡಿದೆ ಅಂತ ಒಂದು. ನಾನಿದ್ದ ಲ್ಯಾಬಿನ ಸಾಹೇಬರ ಮನೆಗೆ ಹೋಗಿ ಅವರನ್ನು ಬೈದು ಬಂದೆ ಅಂತ ಇನ್ನೊಂದು. ಎರಡೂ ಸುಳ್ಳು.

ನಮ್ಮೂರು ಗದಗಿನ ಕಡೆ, ಕಪ್ಪತಗುಡ್ಡದ ಕೆಳಗೆ. ನಮ್ಮ ಸೋದರಮಾವ ಬರೋಡಾದಲ್ಲಿ ರೇಲ್ವೆಯವನು, ಹಳಿ ಬದಲಿಸುವ ಕೆಲಸ. ಗುಜರಾತ್ ಬೇರೆ ರಾಜ್ಯವಾಗಿ ನಾಲ್ಕೈದು ವರ್ಷ ಆಗಿದ್ದಾಗ ಅವನು ನನ್ನನ್ನು ಕರೆಸಿಕೊಂಡ. ಮಂಜಲ್‌ಪುರದ ಕಡೆ ಹಳಿಯ ಪಕ್ಕದಲ್ಲೇ ಎರಡು ಕೋಣೆಯ ಕ್ವಾರ್ಟರ್ಸು. ಮಾವ, ಅತ್ತಿ, ಅವರ ಇಬ್ಬರು ಹೆಣ್ಣುಮಕ್ಕಳು. ಆ ಹುಡುಗಿಯರು ನನ್ನನ್ನು ಗುಜರಾತಿಯಲ್ಲಿ ಬೈಯುತ್ತಿದ್ದರು, ನಾನು ಅವರನ್ನು ನಮ್ಮ ಮಾತಿನಲ್ಲಿ ಬೈಯುತ್ತಿದ್ದೆ. ಯಾರಿಗೂ ಪೂರ್ತಿ ತಿಳಿಯುತ್ತಿರಲಿಲ್ಲವಾದ್ದರಿಂದ ಜಗಳ ಬೆಳೆಯಲಿಲ್ಲ. ನಾನು ಮಲಗುತ್ತಿದ್ದದ್ದು ವರಾಂಡದಲ್ಲಿ.

ಮಕರಪುರದ ದಾರಿಯಲ್ಲಿ ಎಣ್ಣೆ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬು ಇತ್ತು. ಅಹಮದಾಬಾದಿನ ದೊಡ್ಡ ಆಫೀಸಿನ ಕೈಕೆಳಗೆ ಇದ್ದದ್ದು. ಅದರ ಮುಖ್ಯಸ್ಥರು ಮೈಸೂರು ಕಡೆಯವರು. ಯುಗಾದಿಗೆ ಬರೋಡಾದ ಕನ್ನಡದವರೆಲ್ಲ ಒಂದು ಕಡೆ ಸೇರಿದಾಗ ಮಾವ ಅವರ ಮುಂದೆ ಕೈ ಜೋಡಿಸಿ ನಿಂತು ನನಗೊಂದು ಕೆಲಸ ಕೇಳಿದ. ಬಾಟಲಿ ತೊಳೆಯುವ ಕೆಲಸ ಸಿಕ್ಕಿತು, ಟೆಂಪರರಿ. ಒಂದು ವರ್ಷ ನೆಟ್ಟಗೆ ಇದ್ದರೆ ಪರ್ಮನೆಂಟ್ ಮಾಡುತ್ತೇವೆ ಅಂದರು. ಮಾವ ಅವತ್ತಿನಿಂದ ಊರಿಗೆ ಬರೆಸಿದ ಪ್ರತಿ ಪತ್ರದಲ್ಲೂ ನಾನು ಆಗಲೇ ಪರ್ಮನೆಂಟ್ ಆದವನಂತೆ ಬರೆಸುತ್ತಿದ್ದ.

ಲ್ಯಾಬಿನಲ್ಲಿ ನಾವು ಮೂವರು. ಸಾಹೇಬರು, ಒಬ್ಬ ಗುಜರಾತಿ ಕೆಮಿಸ್ಟ್, ನಾನು. ಆ ಕೆಮಿಸ್ಟನನ್ನು ನಾನು ಭಾಯಿ ಅನ್ನುತ್ತಿದ್ದೆ. ಒಳ್ಳೆಯವನು, ಆದರೆ ಹೆದರುಪುಕ್ಕಲ.

ಕೆಲಸ ಇಷ್ಟೇ. ಶೇಂಗಾ ಎಣ್ಣೆಯನ್ನು ಸಣ್ಣ ಬಾಟಲಿಗಳಲ್ಲಿ ಹಾಕಿ ಒಂದು ಬಿಸಿ ಕಪಾಟಿನಲ್ಲಿ ಇಡುವುದು. ಹೊರಗೆ ತಿಂಗಳುಗಟ್ಟಲೆ ಆಗುವ ಹಾಳು ಅಲ್ಲಿ ಕೆಲವೇ ದಿನದಲ್ಲಿ ಆಗುತ್ತದೆ. ದಿನಾ ಮುಂಜಾನೆ ಭಾಯಿ ಒಂದೊಂದು ಬಾಟಲಿಯಿಂದ ಚೂರು ಎಣ್ಣೆ ತೆಗೆದು ಅದಕ್ಕೆ ಏನೇನೋ ಔಷಧ ಹಾಕುತ್ತಿದ್ದ, ಕಪ್ಪು ನೀಲಿ ಬಣ್ಣ ಬರುತ್ತಿತ್ತು. ಆಮೇಲೆ ಉದ್ದನೆಯ ಗಾಜಿನ ನಳಿಕೆಯಿಂದ ಹನಿ ಹನಿ ಬಿಟ್ಟು ಆ ಬಣ್ಣ ಹೋಗಿಸುತ್ತಿದ್ದ. ಎಣ್ಣೆ ಎಷ್ಟು ಹಾಳಾಗಿದೆಯೋ ಅಷ್ಟು ಹೆಚ್ಚು ಹನಿ. ನಾನು ಮೂಸಿ ಹೇಳುತ್ತಿದ್ದೆ. ಇದು ಕಮಟು, ಇದು ನಾಳೆ ಕಮಟು, ಇದು ಚೊಲೋ ಐತಿ. ನನ್ನ ಮೂಗು ಅವನ ನಳಿಕೆಗಿಂತ ಒಂದು ದಿನ ಮುಂದೆ ಇರುತ್ತಿತ್ತು. ಮೊದಲು ನಕ್ಕರು. ಆಮೇಲೆ ಸಾಹೇಬರೇ ಮೊದಲು ನನ್ನನ್ನು ಕೇಳಿ ಆಮೇಲೆ ಭಾಯಿಯ ಕಡೆ ತಿರುಗುತ್ತಿದ್ದರು.

ಎಣ್ಣೆ ಕೆಡದಂತೆ ಹಾಕುವ ಒಂದು ಪುಡಿ ಆಗ ಹೊರದೇಶದಿಂದ ಬರುತ್ತಿತ್ತು. ಅದನ್ನು ತರಿಸುವುದು ಕಷ್ಟವಾಗಿತ್ತು. ನಮ್ಮ ದೇಶದ ಗುಡ್ಡಗಳಲ್ಲಿ ಬೆಳೆಯುವ, ಜನ ತಿನ್ನುವ ಸೊಪ್ಪಿನಲ್ಲಿ ಆ ಗುಣ ಇದೆಯೋ ನೋಡಿ ಅಂತ ಅಹಮದಾಬಾದಿನಿಂದ ಹುಕುಂ. ಆ ಗುಣಕ್ಕೆ ಸಾಹೇಬರು ಆಂಟಿ-ಆಕ್ಸಿಡೆಂಟ್ ಅನ್ನುತ್ತಿದ್ದರು. ನಾನು ಅರ್ಥ ಕೇಳಿದೆ. ಗಾಳಿ ಎಣ್ಣೆಯನ್ನು ತಿನ್ನುತ್ತದೆ, ಇದು ಅಡ್ಡ ಬಂದು ಮೊದಲು ನನ್ನನ್ನು ತಿನ್ನು ಅನ್ನುತ್ತದೆ ಅಂತ ಹೇಳಿದರು. ಅಷ್ಟು ಚೆನ್ನಾಗಿ ಹೇಳಬಲ್ಲವರು, ಒಪ್ಪಬೇಕು.

ಸೊಪ್ಪು ಬರುತ್ತಿದ್ದದ್ದು ಸೂರತ್ತಿನ ಒಬ್ಬ ಗಿಡಮೂಲಿಕೆ ವ್ಯಾಪಾರಿಯಿಂದ, ಗೋಣಿಚೀಲದಲ್ಲಿ. ಸೂರತ್ತಿನ ಆಚೆ ಡಾಂಗ್ ಗುಡ್ಡಗಳು. ಅಲ್ಲಿಯ ನೆಲ್ಲಿ, ಅಲ್ಲಿಯ ಹುಳಿಸೊಪ್ಪು, ಹೆಸರು ಗೊತ್ತಿಲ್ಲದ ಏನೇನೋ, ಮತ್ತೆ ಗುಡ್ಡದ ಕರಿಬೇವು. ಎಲ್ಲ ಒಣಗಿದ್ದು. ನಾವು ಅದನ್ನು ಮತ್ತೊಮ್ಮೆ ಬಿಸಿಯಲ್ಲಿಟ್ಟು ಒಣಗಿಸಿ, ಕುಟ್ಟಿ ಪುಡಿ ಮಾಡಿ, ಜರಡಿ ಹಿಡಿದು, ತೂಗಿ ಎಣ್ಣೆಗೆ ಹಾಕುತ್ತಿದ್ದೆವು. ನೆಲ್ಲಿಪುಡಿ ಚೂರು ತಡೆಯಿತು. ಉಳಿದವು ಏನೂ ಇಲ್ಲ. ಕರಿಬೇವು ಹಾಕಿದ ಎಣ್ಣೆಯೂ ಏನೂ ಹಾಕದ ಎಣ್ಣೆಯೂ ಒಂದೇ ದಿನ ಕಮಟು ಹಿಡಿದವು.

ನನಗೆ ಅದು ಸೇರಲಿಲ್ಲ. ನಮ್ಮ ಅವ್ವ ಬೆಣ್ಣೆ ಕಾಸುವಾಗ, ತುಪ್ಪ ಇಳಿಸುವ ಮೊದಲು, ಗುಡ್ಡದ ಕರಿಬೇವಿನ ಎರಡು ಟೊಂಗೆ ಹಾಕುತ್ತಾಳೆ. ಎಲೆ ಚಟಪಟ ಅಂದು ಗರಿಗರಿ ಆಗುತ್ತದೆ. ಸೋಸಿ ಇಟ್ಟರೆ ಆ ತುಪ್ಪ ಬ್ಯಾಸಿಗಿ ದಾಟುತ್ತದೆ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಗುಡ್ಡದ್ದು ಸಿಗದವರು ವೀಳ್ಯದೆಲೆ ಹಾಕುತ್ತಾರೆ. ಒಣಗಿದ ಕರಿಬೇವನ್ನು ಯಾರೂ ಹಾಕುವುದಿಲ್ಲ. ಅದು ಕಸ, ದನಾನೂ ಮೂಸುವುದಿಲ್ಲ.

ಒಂದು ದಿನ ಸಾಹೇಬರ ಊಟದ ಡಬ್ಬಿ ತೊಳೆಯುತ್ತ ಅದನ್ನೇ ಹೇಳಿದೆ. ಅವರ ಮನೆಯಿಂದ ದಿನಾ ಡಬ್ಬಿ ತರುವವನು ನಾನೇ. ಆ ದಿನ ಮಜ್ಜಿಗೆಹುಳಿ. ಒಗ್ಗರಣೆಯ ಕರಿಬೇವನ್ನು ಅವರು ಎತ್ತಿ ಮುಚ್ಚಳದ ಅಂಚಿಗೆ ಇಟ್ಟಿದ್ದರು.

"ಸಾಹೇಬ್ರ, ನಿಮ್ಮ ಮನ್ಯಾಗ ಹಸೀದು ಹಾಕ್ತಾರ್ರೀ. ಇಲ್ಲೆ ನಾವು ಒಣಗಿಸಿ ಕುಟ್ಟಿ ಕೊಲ್ಲಾಕ್ಹತ್ತೀವಿ."

ಅವರು ಸಿಟ್ಟಾಗಲಿಲ್ಲ. ಹಸಿ ಎಲೆಯಲ್ಲಿ ನೀರು ಇರುತ್ತದೆ, ಒಂದೊಂದು ಎಲೆಯಲ್ಲಿ ಒಂದೊಂದು ಪ್ರಮಾಣ. ತೂಕ ಹಿಡಿಯುವುದಕ್ಕೆ ಆಗುವುದಿಲ್ಲ. ತೂಕ ಇಲ್ಲದಿದ್ದರೆ ಲೆಕ್ಕ ಇಲ್ಲ, ಲೆಕ್ಕ ಇಲ್ಲದ್ದನ್ನು ಯಾರೂ ನಂಬುವುದಿಲ್ಲ ಅಂತ ತಿಳಿಸಿ ಹೇಳಿದರು. ಕಡೆಗೆ, "ಅಡುಗೆಮನೆ ಬೇರೆ, ಲ್ಯಾಬು ಬೇರೆ ಕಣಯ್ಯಾ. ಹಸಿ ಎಲೆ ಈ ಕಪಾಟಿನೊಳಗೆ ಬರಕೂಡದು" ಅಂದರು.

ಅವರು ಹೇಳಿದ್ದು ತಪ್ಪು ಅಂತ ಈಗಲೂ ನಾನು ಅನ್ನುವುದಿಲ್ಲ. ಆದರೆ ತೂಗುವುದಕ್ಕೆ ಅನುಕೂಲ ಅಂತ ಸತ್ತದ್ದನ್ನು ತೂಗಿ, ಇದರಲ್ಲಿ ಜೀವ ಇಲ್ಲ ಅಂತ ಬರೆದರೆ ಅದು ಯಾವ ನ್ಯಾಯ?

ದಸರಾಕ್ಕೆ ಮೂರು ದಿನ ರಜೆ ಬಂತು. ಮಾವನ ಹೆಸರು ಹೇಳಿಕೊಂಡು ರೈಲು ಹತ್ತಿದೆ. ಸೂರತ್ತಿನಲ್ಲಿ ಇಳಿದು ಆ ವ್ಯಾಪಾರಿಯ ಗೋಡೌನು ಹುಡುಕಿದೆ. ಮಾಳಿಗೆಯ ಮೇಲೆ ಸೊಪ್ಪು ಹರವಿದ್ದ, ಸುಡು ಬಿಸಿಲಿಗೆ. ಹಸಿರು ಅನ್ನುವುದು ಒಂದು ಎಲೆಯಲ್ಲೂ ಇರಲಿಲ್ಲ. ಕರಿಬೇವಿನ ಚೀಲಕ್ಕೆ ಕೈ ಹಾಕಿದರೆ ಹೊಟ್ಟು. ಅದರಲ್ಲಿ ಅರ್ಧದಷ್ಟು ಗುಡ್ಡದ್ದೇ ಅಲ್ಲ, ಊರ ತೋಟದ ಅಗಲ ಎಲೆ. ಇದು ಹಳೆಯದಲ್ಲವೇನು ಅಂತ ಹಿಂದಿಯಲ್ಲಿ ಕೇಳಿದೆ. ಸರಕಾರದವರು ತೂಕ ಕೇಳುತ್ತಾರೆ, ವಾಸನೆ ಕೇಳುವುದಿಲ್ಲ ಅಂತ ಅವನು ಅಡಿಕೆ ಕತ್ತರಿಸುತ್ತ ಹೇಳಿದ. ಮುಚ್ಚಿಡುವುದೇನೂ ಅವನಿಗೆ ಇರಲಿಲ್ಲ. ನಮ್ಮ ಲ್ಯಾಬಿನಿಂದ ಯಾರೂ ಒಮ್ಮೆಯೂ ಆ ಮಾಳಿಗೆ ಹತ್ತಿ ನೋಡಿರಲಿಲ್ಲ.

ಅಲ್ಲಿಂದ ಬಿಲಿಮೋರಾಕ್ಕೆ ಹೋಗಿ ಸಣ್ಣ ಹಳಿಯ ಗಾಡಿ ಹಿಡಿದೆ. ಅದು ನಡೆದುಕೊಂಡು ಹೋಗುವವನ ಜತೆಗೇ ಹೋಗುತ್ತದೆ. ಕಡೆಯ ಸ್ಟೇಶನ್ನಿನಲ್ಲಿ ಇಳಿದು ಸಾಗುವಾನಿ ಕಾಡಿನೊಳಗೆ ನಡೆದೆ. ಹುಲ್ಲು ಹೊತ್ತು ಬರುತ್ತಿದ್ದ ಒಬ್ಬ ಹೆಂಗಸು ಸಿಕ್ಕಳು, ನಮ್ಮ ಅತ್ತಿಯ ವಯಸ್ಸು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ ಬಾರದು. ವ್ಯಾಪಾರಿಯ ಚೀಲದಿಂದ ತಂದಿದ್ದ ಒಣ ಎಲೆ ತೋರಿಸಿದೆ. ಅವಳು ಅದನ್ನು ಮೂಸಿ, ಮುಖ ಕಿವುಚಿ, ಊದಿ ಹಾರಿಸಿದಳು. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಒಂದು ಗಿಡದ ಮುಂದೆ ನಿಲ್ಲಿಸಿದಳು. ಸಣ್ಣ ಎಲೆ, ದಪ್ಪ, ಕಪ್ಪು ಹಸಿರು. ಒಂದು ಎಲೆ ತಿಕ್ಕಿ ನನ್ನ ಮೂಗಿಗೆ ಒತ್ತಿದಳು. ಕಪ್ಪತಗುಡ್ಡದ್ದೇ. ಬೇರೆ ಮಾತಿಲ್ಲ.

ಅವಳ ಮನೆಯಲ್ಲಿ ಆ ಎಲೆಯ ಚಟ್ನಿಯ ಜತೆ ರೊಟ್ಟಿ ಕೊಟ್ಟಳು. ರಾಗಿಯ ರೊಟ್ಟಿ. ನಮ್ಮ ಕಡೆ ಜೋಳ. ರಾಗಿ ಉಣ್ಣುವ ಸಾಹೇಬರ ಮೈಸೂರು ಕಡೆಯವರು ಇಲ್ಲಿ ಬಂದು ನೋಡಬೇಕಿತ್ತು ಅಂದುಕೊಂಡೆ. ಎಲೆ ಬಿಡಿಸಕೂಡದು, ಟೊಂಗೆ ಸಮೇತ ಒಯ್ಯಬೇಕು ಅಂತ ಕೈಯಿಂದಲೇ ಹೇಳಿದಳು. ಒದ್ದೆ ಮಾಡಿದ ಸಾಗುವಾನಿ ಎಲೆಯಲ್ಲಿ ಸುತ್ತಿ ಬಳ್ಳಿಯಿಂದ ಕಟ್ಟಿ ಕೊಟ್ಟಳು. ಬರೋಡಾ ಮುಟ್ಟುವವರೆಗೂ ದಾರಿಯಲ್ಲಿ ಎರಡು ಸಲ ನೀರು ಚಿಮುಕಿಸಿದೆ.

ಅತ್ತಿಯ ಒಲೆಯ ಮೇಲೆ ಮಾಡಿದೆವು. ಲ್ಯಾಬಿನ ಡಬ್ಬಿಯದೇ ಎಣ್ಣೆ, ರಜೆಗೆ ಮೊದಲೇ ತಂದಿದ್ದೆ. ಎರಡು ಪಾಲು ಮಾಡಿದೆ. ಒಂದನ್ನು ಬರೇ ಕಾಸಿದೆ. ಇನ್ನೊಂದನ್ನು ಅಷ್ಟೇ ಹೊತ್ತು ಕಾಸಿ ಕರಿಬೇವು ಬಿಟ್ಟೆ. ಎರಡನ್ನೂ ಯಾಕೆ ಅಂತ ಅತ್ತಿ ಕೇಳಿದಳು. ಬರೇ ಎಲೆಯದ್ದು ಮಾಡಿದರೆ, ಕಾಸಿದ್ದಕ್ಕೇ ಕೆಡಲಿಲ್ಲ ಅಂತ ಭಾಯಿ ಅಂದಾನು ಅಂದೆ. ಅತ್ತಿ ನಕ್ಕಳು. "ಮೂರನೇ ಇಯತ್ತೆಯವಗ ಇಷ್ಟ ಬುದ್ಧಿ, ನಾಕನೇದು ಕಲ್ತಿದ್ರ ಮಂತ್ರಿ ಆಗ್ತಿದ್ದಿ ನೋಡು" ಅಂದಳು. ಎಲೆ ಗರಿಗರಿ ಆಗಿ ಸದ್ದು ನಿಂತ ಮೇಲೆ ಸೋಸಿ ಎರಡು ಬಾಟಲಿಗೆ ತುಂಬಿದೆ. ಎಲೆಯ ಬಾಟಲಿಯ ಕುತ್ತಿಗೆಗೆ ಅತ್ತಿ ಕೆಂಪು ದಾರ ಕಟ್ಟಿದಳು.

ಮರುದಿನ ಎರಡನ್ನೂ ಬಿಸಿ ಕಪಾಟಿನ ಹಿಂದಿನ ಸಾಲಿನಲ್ಲಿ ಇಟ್ಟೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು. ಇದು ನಾನು ಮಾಡಿದ ತಪ್ಪು. ಇದನ್ನು ನಾನು ಯಾವತ್ತೂ ಇಲ್ಲ ಅಂದಿಲ್ಲ.

ದಾರ ಇಲ್ಲದ ಬಾಟಲಿ ಉಳಿದವುಗಳ ಜತೆಗೇ ಕೆಟ್ಟಿತು. ದಾರದ್ದು ಕೆಡಲಿಲ್ಲ. ದಿನಾ ಮುಂಜಾನೆ ಮೂಸುತ್ತಿದ್ದೆ, ಹೊಸ ಎಣ್ಣೆಯ ಹಾಗೇ. ಇನ್ನೆರಡು ದಿನ ನೋಡಿ ಹೇಳೋಣ ಅಂತ ಸುಮ್ಮನಿದ್ದೆ. ಅಷ್ಟರಲ್ಲಿ ಸಾಹೇಬರು ವರದಿ ಬರೆದು ಅಹಮದಾಬಾದಿಗೆ ಕಳಿಸಿಬಿಟ್ಟರು. ಗುಡ್ಡದ ಸೊಪ್ಪುಗಳಲ್ಲಿ ನೆಲ್ಲಿ ಬಿಟ್ಟರೆ ಉಳಿದದ್ದರಲ್ಲಿ ಏನೂ ಇಲ್ಲ, ಕರಿಬೇವಿನಲ್ಲಂತೂ ಏನೇನೂ ಇಲ್ಲ ಅಂತ. ಕಪಾಟು ಖಾಲಿ ಮಾಡುವಾಗ ಭಾಯಿ ಬಾಟಲಿ ಎಣಿಸಿದ. ಎರಡು ಹೆಚ್ಚಿಗೆ.

ಯಾವುದಕ್ಕೂ ಇರಲಿ ಅಂತ ಅವನು ದಾರದ ಬಾಟಲಿಯಿಂದ ಚೂರು ತೆಗೆದು ನಳಿಕೆಯ ಕೆಳಗೆ ಹಿಡಿದ. ಕೆಲವೇ ಹನಿಗೆ ಬಣ್ಣ ಹೋಯಿತು. ಮತ್ತೊಮ್ಮೆ ಮಾಡಿದ, ಅಷ್ಟೇ. ಸಾಹೇಬರನ್ನು ಕರೆದ.

ಎಲ್ಲ ಹೇಳಿದೆ. ಗುಡ್ಡ, ಹೆಂಗಸು, ಅತ್ತಿಯ ಒಲೆ, ದಾರ. ಸಾಹೇಬರು ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ನೀನು ನಡುವೆ ಯಾವಾಗಲೋ ತಾಜಾ ಎಣ್ಣೆ ಬದಲಿಸಿದ್ದೀಯ ಅಂದರು. ಕಪಾಟಿನ ಕೀಲಿ ನನ್ನ ಕೈಯಲ್ಲೇ ಇರುತ್ತಿತ್ತು, ಮುಂಜಾನೆ ಎಲ್ಲರಿಗಿಂತ ಮೊದಲು ಬರುವವನೂ ನಾನೇ. ಇಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಬಾಯಿಮಾತು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಎರಡು ದಿನ ಬಿಟ್ಟು ಅವರು ಒಂದು ಕಾಗದ ಟೈಪು ಮಾಡಿಸಿ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಇತ್ತು, ಓದಿ ಹೇಳಿದರು. ನಾನು ತಿಳಿಯದೆ ಆ ಬಾಟಲಿಗೆ ಹೊಸ ಎಣ್ಣೆ ಹಾಕಿದೆ, ಇನ್ನು ಹೀಗೆ ಮಾಡುವುದಿಲ್ಲ ಅಂತ.

"ಸಹಿ ಹಾಕಿಬಿಡಯ್ಯಾ, ಇದು ನನ್ನ ಡ್ರಾಯರಿನಲ್ಲೇ ಇರುತ್ತೆ. ನಿನ್ನ ಪರ್ಮನೆಂಟ್ ಆರ್ಡರು ಈ ವಾರವೇ ಕಳಿಸ್ತೀನಿ."

"ಹಾಕಿದ್ರ ನಾ ಕಳ್ಳ ಆದೆ. ಹಾಕದಿದ್ರ?"

"ಹಾಕದಿದ್ರೆ ನಾನು ಮೇಲಿನವರಿಗೆ ತಿಳಿಸಬೇಕಾಗುತ್ತೆ."

"ತಿಳಸ್ರಿ" ಅಂದೆ. ಕಾಗದ ಮುಟ್ಟಲಿಲ್ಲ.

ಅವರು ಕೆಟ್ಟವರಲ್ಲ. ಅವರ ಫಜೀತಿ ನನಗೆ ತಿಳಿಯುತ್ತಿತ್ತು. ಕಳಿಸಿದ ವರದಿ ವಾಪಸು ತರಿಸಿಕೊಳ್ಳಬೇಕು, ಅದೂ ಬಾಟಲಿ ತೊಳೆಯುವವನ ಮಾತು ಕೇಳಿ. ನನ್ನ ಒಂದು ಸಹಿಯಿಂದ ಅದೆಲ್ಲ ತಪ್ಪುತ್ತಿತ್ತು. ತಿಳಿದರೂ ಹಾಕಲಿಲ್ಲ. ಅವರ ಫಜೀತಿ ಅವರದು.

ಮನೆಯಲ್ಲಿ ಮಾವ ಕುಣಿದಾಡಿದ. ಯುಗಾದಿಯ ದಿನ ಎಲ್ಲರ ಮುಂದೆ ತಾನು ಕೈ ಜೋಡಿಸಿದ್ದು, ಊರಿಗೆ ಬರೆಸಿದ್ದು, ಎಲ್ಲ ತೆಗೆದ. "ಲೇ ಅಳಿಯಾ, ಒಂದ ಸಹಿ. ನಿನ್ನ ಗಂಟೇನ ಹೋಕ್ಕೈತಿ? ನಾ ದಿನಾ ಹತ್ತ ಕಡೆ ಒತ್ತತೇನಿ ಹೆಬ್ಬಟ್ಟ, ಸತ್ತೇನೇನು?" ಅಂದ. ನಾನು ಉತ್ತರ ಕೊಡುವ ಮೊದಲೇ ಅತ್ತಿ ಒಳಗಿನಿಂದ ಬಂದಳು. ಅವಳು ಮಾವನ ಎದುರು ದನಿ ಎತ್ತಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಗಲೂ ಎತ್ತಲಿಲ್ಲ. "ಅದು ನನ್ನ ಒಲಿ ಮ್ಯಾಲ ಆಗೇತಿ. ಸುಳ್ಳು ಅಂತ ಬರದ್ರ ನಾನೂ ಸುಳ್ಳಿ ಆದೆ" ಅಂದಳು. ಮಾವ ಹೊರಗೆ ಹೋಗಿ ಬೀಡಿ ಹಚ್ಚಿದ.

ರವಿವಾರ ಸಾಹೇಬರ ಮನೆಗೆ ಹೋದೆ. ಬೈಯಲಿಕ್ಕೆ ಅಲ್ಲ. ಇನ್ನೊಂದು ಸಲ ಮಾಡೋಣ, ಈ ಸಲ ಕೀಲಿ ನಿಮ್ಮ ಕಿಸೆಯಲ್ಲಿ ಇರಲಿ, ನಾನು ಕಪಾಟಿನ ಹತ್ತಿರ ಬರುವುದಿಲ್ಲ ಅಂತ ಕೇಳಲಿಕ್ಕೆ. ಅವರು ಜಗುಲಿಯ ಮೇಲೆ ಪೇಪರು ಓದುತ್ತಿದ್ದರು. ಆಗುವುದಿಲ್ಲ ಅಂದರು. ವರದಿ ಹೋಗಿದೆ, ಆ ಕೆಲಸ ಮುಗಿದಿದೆ, ಹಸಿ ಎಲೆಯ ಲೆಕ್ಕ ಹಿಡಿಯುವುದಕ್ಕೆ ಬರುವುದಿಲ್ಲ ಅಂತ ಹಳೆಯದನ್ನೇ ಹೇಳಿದರು. ಟೊಂಗೆ ಹಸಿಯಿರುವಾಗಲೇ ತೂಗಿ ಬರೆದುಕೊಳ್ಳಿ, ಮುಂದಿನ ಸಲವೂ ಹಸಿಯಾಗೇ ತೂಗಿ, ಯಾರು ಬೇಡ ಅನ್ನುತ್ತಾರೆ ಅಂದೆ. ಪೇಪರು ಮಡಚಿದರು.

ಅವರ ಹೆಂಡತಿ ಬಾಗಿಲಲ್ಲಿ ಮೊರ ಹಿಡಿದು ನಿಂತಿದ್ದರು. ನನಗೆ ದಿನಾ ಡಬ್ಬಿ ಕೊಡುವವರು, ಜಾಸ್ತಿ ಮಾತಾಡುವವರಲ್ಲ. ನನ್ನ ಕಡೆ ನೋಡಲೇ ಇಲ್ಲ.

"ಒಣಗಿದ ಕರಿಬೇವು ಹಾಕಿದ ಸಾರು ನೀವು ಒಂದು ದಿನ ಉಂಡಿದ್ದೀರಾ?" ಅಂತ ಗಂಡನನ್ನು ಕೇಳಿದರು. "ಮಾಡಿ ನೋಡಿದ್ರೆ ಕಳಕೊಳ್ಳೋದೇನು? ಇವನು ಸುಳ್ಳಾದ್ರೆ ಆಗಲೇ ಬರಸ್ಕೊಳ್ಳಿ."

ಹಾಗೆ ಅದು ಮತ್ತೆ ಶುರುವಾಯಿತು. ನಾನು ಪಗಾರ ಇಲ್ಲದ ರಜೆ ಹಾಕಿ ಮತ್ತೆ ಗುಡ್ಡಕ್ಕೆ ಹೋಗಿ ಟೊಂಗೆ ತಂದೆ. ಈ ಸಲ ಅತ್ತಿಯ ಒಲೆ ಅಲ್ಲ, ಲ್ಯಾಬಿನ ಸ್ಟೋವು. ಭಾಯಿ ಟೊಂಗೆ ತೂಗಿದ, ಎಲೆ ಬಿಡಿಸಿ ಎಲೆ ತೂಗಿದ, ಎಣ್ಣೆ ತೂಗಿದ, ಗಡಿಯಾರ ಹಿಡಿದು ಕಾಸಿದ. ಎಲೆ ಯಾವಾಗ ಆಯಿತು ಅಂತ ಹೇಗೆ ಗೊತ್ತಾಗಬೇಕು ಅಂತ ಕೇಳಿದ. ಸದ್ದು ನಿಂತಾಗ ಅಂದೆ. ಅದನ್ನು ಬರೆದುಕೊಳ್ಳುವಾಗ ಅವನ ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತ್ತು. ಎಲೆಯವು ಮೂರು ಬಾಟಲಿ, ಬರೇ ಕಾಸಿದವು ಮೂರು, ಏನೂ ಮಾಡದವು ಮೂರು. ಪ್ರತಿ ಮುಚ್ಚಳಕ್ಕೆ ಅರಗು, ಅರಗಿನ ಮೇಲೆ ಸಾಹೇಬರ ಮುದ್ರೆ. ಕಪಾಟಿಗೆ ಹೊಸ ಬೀಗ, ಕೀಲಿ ಅವರ ಕಿಸೆಗೆ. ದಿನಾ ಅವರೇ ತೆರೆದು ಭಾಯಿಗೆ ಎಣ್ಣೆ ಕೊಟ್ಟು ಮತ್ತೆ ಮುದ್ರೆ ಒತ್ತುತ್ತಿದ್ದರು. ನಾನು ಅಂಗಳದ ನಲ್ಲಿಯ ಹತ್ತಿರ ಬಾಟಲಿ ತೊಳೆಯುತ್ತಿದ್ದೆ. ಒಳಗೆ ಬಾ ಅಂತ ಅವರೂ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಆ ದಿನಗಳಲ್ಲಿ ನನಗೆ ಅನ್ನ ಇಳಿಯಲಿಲ್ಲ ಅಂತ ಬರೆಯಬಹುದು. ಆದರೆ ಇಳಿಯಿತು. ಚೆನ್ನಾಗಿಯೇ ಉಂಡೆ. ಗುಡ್ಡದ ಎಲೆ ಏನು ಅಂತ ನನಗೆ ಗೊತ್ತಿತ್ತು. ಒಂದೇ ಅಂಜಿಕೆ ಇದ್ದದ್ದು ಲ್ಯಾಬಿನ ಸ್ಟೋವಿನ ಬಗ್ಗೆ. ಭಾಯಿ ಉರಿ ಸಣ್ಣ ಇಟ್ಟಿದ್ದ, ಎಲೆ ಪೂರ್ತಿ ಗರಿಯಾಗುವ ಮೊದಲೇ ಗಡಿಯಾರ ನೋಡಿ ಇಳಿಸಲು ಹೋಗಿದ್ದ. ತಡಿ ಭಾಯಿ, ಸದ್ದು ಇನ್ನೂ ಐತಿ ಅಂತ ಕೈ ಹಿಡಿದಿದ್ದೆ. ಎಲೆಯಲ್ಲಿ ನೀರು ಉಳಿದರೆ ಎಣ್ಣೆ ಬೇಗ ಕೆಡುತ್ತದೆ, ಅದು ಯಾವ ಹೆಂಗಸಿಗೂ ಗೊತ್ತು.

ಏನೂ ಮಾಡದವು ಮೊದಲು ಹೋದವು. ಮಾರನೆಯ ದಿನ ಬರೇ ಕಾಸಿದವು ಹೋದವು. ಎಲೆಯವು ನಿಂತವು. ಆ ವಾರ ದಾಟಿತು, ನಿಂತವು. ಒಂದು ಮುಂಜಾನೆ ಭಾಯಿ ಅಂಗಳಕ್ಕೆ ಬಂದು, ನನ್ನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಇವತ್ತೂ ಅಷ್ಟೇ ಹನಿ ಅಂತ ಪಿಸುಗುಟ್ಟಿ ಹೋದ. ಹೊರದೇಶದ ಪುಡಿ ಹಾಕಿದ ಒಂದು ಬಾಟಲಿಯನ್ನೂ ಸಾಹೇಬರು ಯಾರಿಗೂ ಹೇಳದೆ ಪಕ್ಕದಲ್ಲಿ ಇಟ್ಟಿದ್ದರಂತೆ. ನಮ್ಮ ಎಲೆ ಅದರಷ್ಟು ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಆದರೆ ಏನೇನೂ ಇಲ್ಲ ಅಂತ ಬರೆದದ್ದು ಸುಳ್ಳು ಅನ್ನುವುದಕ್ಕೆ ಬೇಕಾದಷ್ಟಕ್ಕಿಂತ ಹೆಚ್ಚೇ ನಿಂತಿತು.

ಸಾಹೇಬರು ನನ್ನನ್ನು ಒಳಗೆ ಕರೆದರು. ಆ ಟೈಪು ಮಾಡಿದ ಕಾಗದವನ್ನು ಡ್ರಾಯರಿನಿಂದ ತೆಗೆದು ನಾಲ್ಕು ತುಂಡು ಮಾಡಿದರು. ತಪ್ಪಾಯಿತು ಅಂತ ಹೇಳಲಿಲ್ಲ. ನಾನು ಕಾಯಲೂ ಇಲ್ಲ. ಕರಿಬೇವಿನ ಮಟ್ಟಿಗೆ ವರದಿ ಬದಲಿಸಬೇಕು ಅಂತ, ಮೊದಲು ಹೆಚ್ಚಿಗೆ ಸಿಕ್ಕ ಎರಡು ಬಾಟಲಿಯ ಸಂಗತಿಯನ್ನೂ ಸೇರಿಸಿ, ಅವರೇ ಅಹಮದಾಬಾದಿಗೆ ಬರೆದರು. ಅದಕ್ಕೆ ಗುಂಡಿಗೆ ಬೇಕು, ಅದನ್ನೂ ಒಪ್ಪುತ್ತೇನೆ.

ಅಲ್ಲಿಂದ ಉತ್ತರ ಬಂತು. ಮೊದಲನೇ ವರದಿಯ ಹೊತ್ತಿಗೆ ಲೆಕ್ಕದಲ್ಲಿ ಇಲ್ಲದ ಬಾಟಲಿ ಕಪಾಟಿನೊಳಗೆ ಹೇಗೆ ಬಂತು? ಯಾರ ಅಪ್ಪಣೆ? ಆ ಅಟೆಂಡೆಂಟನನ್ನು ಕರೆದುಕೊಂಡು ಬನ್ನಿ. ಅಟೆಂಡೆಂಟ್ ಅಂದರೆ ನಾನು.

ಮುಂಜಾನೆಯ ಪ್ಯಾಸೆಂಜರಿನಲ್ಲಿ ಹೋದೆವು. ಸಾಹೇಬರು ತಮ್ಮ ಫಸ್ಟ್ ಕ್ಲಾಸು ಬಿಟ್ಟು ನನ್ನ ಜತೆ ಮೂರನೇ ಕ್ಲಾಸಿನಲ್ಲಿ ಬಂದು ಕೂತರು. ಆಣಂದದಲ್ಲಿ ಚಹಾ ಕೊಡಿಸಿದರು. ನಡಿಯಾದ್ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತ ಮಾತು ತೆಗೆದರು.

"ಅಲ್ಲಿ ಕೇಳ್ತಾರೆ, ಯಾರು ಹೇಳಿದ್ರು ಅಂತ. ನಾನೇ ಹೇಳಿದ್ದೆ ಅಂದುಬಿಡು. ಬಾಯಲ್ಲಿ ಹೇಳಿದ್ದೆ, ಬರೆಯೋದು ಮರೆತುಹೋಗಿತ್ತು ಅಂತ ನಾನೂ ಹೇಳ್ತೀನಿ. ನಿನ್ನ ಆರ್ಡರಿಗೆ ತೊಂದರೆ ಆಗಲ್ಲ."

ನನ್ನ ಒಳ್ಳೆಯದಕ್ಕೇ ಹೇಳಿದರು. ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದರು. ಒಂದು ಗಳಿಗೆ ನನಗೂ ಅನ್ನಿಸಿತು, ಅಂದುಬಿಡೋಣ, ಮಾವ ಖುಷಿ ಆಗುತ್ತಾನೆ. ಆಮೇಲೆ ಆ ಮಾತನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದೆ. ಹಸಿ ಎಲೆ ಬರಕೂಡದು ಅಂದ ಮನುಷ್ಯನೇ ಹಸಿ ಎಲೆ ಹಾಕು ಅಂದಿದ್ದ ಅಂತ ಆಗುತ್ತದೆ. ಅವ್ವ ಇಲ್ಲ, ಅತ್ತಿ ಇಲ್ಲ, ಆ ಗುಡ್ಡದ ಹೆಂಗಸು ಇಲ್ಲ. ಎಲ್ಲ ಒಂದು ಮೇಜಿನ ಹಿಂದೆ ಹುಟ್ಟಿದ್ದು ಅಂತ ಆಗುತ್ತದೆ.

"ನೀವು ಹೇಳಿದ್ದಿಲ್ಲರೀ" ಅಂದೆ. "ನೀವು ಬ್ಯಾಡ ಅಂದಿದ್ರಿ."

ಅಹಮದಾಬಾದ್ ಬಂದಾಗ ಅವರು ಮೊದಲು ಇಳಿದರು.

ದೊಡ್ಡ ಆಫೀಸಿನಲ್ಲಿ ಒಬ್ಬ ಅಧಿಕಾರಿ, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಸಾಹೇಬರಿಗೆ ಕುರ್ಚಿ ಕೊಟ್ಟರು, ನಾನು ನಿಂತೆ. ಆ ಅಧಿಕಾರಿ ಹಿಂದಿಯಲ್ಲಿ ಕೇಳಿದರು, ಕಪಾಟಿನಲ್ಲಿ ಬಾಟಲಿ ಇಡು ಅಂತ ನಿನಗೆ ಹೇಳಿದವರು ಯಾರು? ಸಾಹೇಬರು ಬಾಯಿ ತೆರೆದರು. ಅವರಿಗಿಂತ ಮೊದಲು ನಾನು ಹೇಳಿದೆ, ಯಾರೂ ಹೇಳಿಲ್ಲ, ನಾನೇ ಇಟ್ಟೆ. ಅಪ್ಪಣೆ ಕೇಳಿದ್ದೆಯಾ? ಇಲ್ಲ. ಯಾಕೆ ಕೇಳಲಿಲ್ಲ? ಕೇಳಿದ್ದರೆ ಕೊಡುತ್ತಿರಲಿಲ್ಲ. ಹಸಿ ಎಲೆ ಎಣ್ಣೆಯಲ್ಲಿ ಕಾಸಬೇಕು ಅಂತ ಯಾರು ಕಲಿಸಿದರು? ನಮ್ಮ ಅವ್ವ. ಗುಮಾಸ್ತ ನಕ್ಕ. ಅಧಿಕಾರಿ ನಗಲಿಲ್ಲ. ಅಪ್ಪಣೆ ಇಲ್ಲದೆ ಸರಕಾರಿ ಕಪಾಟಿನಲ್ಲಿ ಏನನ್ನಾದರೂ ಇಡುವವನನ್ನು ಕಾಯಂ ಮಾಡುವುದಕ್ಕೆ ಬರುವುದಿಲ್ಲ ಅಂದರು. ತಿಳಿಯಿತು ಅಂದೆ. ಸಾಹೇಬರು ನನ್ನ ಪರವಾಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಏನು ಹೇಳಿದರೋ ತಿಳಿಯಲಿಲ್ಲ. ಅಧಿಕಾರಿ ತಲೆ ಅಲ್ಲಾಡಿಸುತ್ತಲೇ ಇದ್ದರು.

ವರ್ಷ ಮುಗಿದಾಗ ಲ್ಯಾಬಿನ ಕೆಲಸ ಹೋಯಿತು. ಈಗ ನಾನು ಇದೇ ಅಹಮದಾಬಾದಿನ ನರೋಡಾದಲ್ಲಿ ಒಂದು ಬಣ್ಣದ ಕಾರಖಾನೆಯಲ್ಲಿ ಪಿಪಾಯಿ ತೊಳೆಯುತ್ತೇನೆ. ಇದೂ ಟೆಂಪರರಿ. ಮಾವ ಆರು ತಿಂಗಳು ಮಾತು ಬಿಟ್ಟಿದ್ದ, ಈಗ ಆಡುತ್ತಾನೆ. ಅಯ್ಯೋ ಪಾಪ ಅನ್ನುವವರು ಅನ್ನಲಿ, ನನಗೆ ಬೇಕಿಲ್ಲ.

ಗುಮಾಸ್ತ ಆ ದಿನ ಬರೆದುಕೊಂಡದ್ದನ್ನು ಟೈಪು ಮಾಡಿ ತಂದು ಸಹಿ ಹಾಕು ಅಂದಿದ್ದ. ಮೊದಲು ಓದಿ ಹೇಳು ಅಂದೆ. ಬೇಜಾರಿನಿಂದಲೇ ಓದಿ, ಹಿಂದಿಯಲ್ಲಿ ಅರ್ಥ ಹೇಳಿದ. ಗುಡ್ಡದ ಕರಿಬೇವಿನ ಹಸಿ ಎಲೆಯನ್ನು ಎಣ್ಣೆಯಲ್ಲಿ ಕಾಸುವ ಕ್ರಮವನ್ನು ಅಟೆಂಡೆಂಟನು ಯಾವ ಮೇಲಧಿಕಾರಿಯೂ ಹೇಳದೆ, ತನ್ನ ತಾಯಿಯಿಂದ ಕಲಿತಂತೆ, ತಾನೇ ಮಾಡಿದ್ದಾನೆ. ಅವರು ಅದನ್ನು ನನ್ನ ತಪ್ಪು ಅಂತ ಬರೆದಿದ್ದರು. ಇನ್ನೊಮ್ಮೆ ಓದಿಸಿದೆ. ಒಂದು ಮಾತೂ ಸುಳ್ಳಿರಲಿಲ್ಲ. ಪೆನ್ನು ಇಸಿದುಕೊಂಡು, ಕನ್ನಡದಲ್ಲಿ, ಅಪ್ಪನ ಹೆಸರು ಊರ ಹೆಸರು ಸಮೇತ ಸಹಿ ಹಾಕಿದೆ.